ಮೂರು ಸಲ ಹೇಳಿದ ಮಾತು

ರಿಕ್ಷಾದಿಂದ ಇಳಿದವನ ಕುತ್ತಿಗೆಯನ್ನು ನೋಡಿದ ಕೂಡಲೇ ಇದು ಸುಖವಾಗಿ ಮುಗಿಯುವ ಕೆಲಸವಲ್ಲ ಎಂದು ಚನ್ನಬಸವ್ವನಿಗೆ ಅನ್ನಿಸಿತು. ಪುಣೆಯ ಕೊಂಢವಾದ ಆ ಮೂವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷದಿಂದ ತುರ್ತು ಕೋಣೆಯ ಸಿಸ್ಟರ್ ಆಗಿದ್ದವಳು ಅವಳು. ರಕ್ತಕ್ಕೆ ಹೆದರುವ ಕಾಲ ಎಂದೋ ಮುಗಿದಿತ್ತು. ರಕ್ತ ಕಣ್ಣಿಗೆ ಕಾಣುತ್ತದೆ, ಬಟ್ಟೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಾದರೂ ನಿಲ್ಲುತ್ತದೆ. ಈ ಮನುಷ್ಯನಿಗೆ ಒಂದು ಹನಿ ರಕ್ತವೂ ಬಂದಿರಲಿಲ್ಲ. ದವಡೆಯ ಕೆಳಗೆ ಕಿವಿಯಿಂದ ಕಿವಿಯವರೆಗೆ ಬಾವು ಏರಿ, ಗದ್ದ ಯಾವುದು ಕುತ್ತಿಗೆ ಯಾವುದು ಎಂದು ಹೇಳಲು ಬರದಂತಾಗಿತ್ತು. ಜೊಲ್ಲು ನುಂಗಲಾಗದೆ ಬಾಯಿಗೆ ಟವೆಲ್ ಹಿಡಿದುಕೊಂಡಿದ್ದ. ಮಲಗಿ ಎಂದರೆ ತಲೆ ಅಲ್ಲಾಡಿಸಿದ. ಮಂಚದ ಅಂಚಿಗೆ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿದ. ಅವನು ಎಳೆದ ಒಂದೊಂದು ಉಸಿರೂ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

೧೯೯೭ರ ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಅವನ ಹೆಸರು ಶಿವಪ್ರಕಾಶ. ವಯಸ್ಸು ಮೂವತ್ತೆಂಟು, ಗೋಕಾಕದ ಕಡೆಯವನು, ಕೊಂಢವಾ ಮುಖ್ಯರಸ್ತೆಯಲ್ಲಿ ನಲ್ಲಿ ಮತ್ತು ಪೈಪಿನ ಅಂಗಡಿ. ಜೊತೆಗೆ ಬಂದವಳು ಹೆಂಡತಿ ಇಂದೂ. ಮೊದಲು ಮರಾಠಿಯಲ್ಲೇ ಮಾತು ಶುರುಮಾಡಿದವಳು ಸಿಸ್ಟರ್ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದಳು. ಅವಳ ಮುಖ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಸಡಿಲವಾಯಿತು.

"ನೀವು ನಮ್ಮ ಕಡೇಯವ್ರೇನ್ರಿ? ಮಧ್ವೇಶ ಡಾಕ್ಟರು ಅದಾರೇನ್ರಿ? ದಾರ್‍ಯಾಗ ದೊಡ್ಡ ದವಾಖಾನಿ ಇತ್ತು, ರಿಕ್ಷಾದಂವ ಅಲ್ಲೇ ನಿಲ್ಲಸ್ತೇನಿ ಅಂದ. ನಾನ ಬ್ಯಾಡಂದೆ. ಅಲ್ಲಿ ನಮ್ಮಾವ್ರದಾರ ನಡೀರಿ ಅಂತ ಹಟಾ ಹಿಡದು ಇಲ್ಲಿಗೆ ಕರಕೊಂಡ ಬಂದೆ."

"ಅದಾರ್ರಿ. ಎಷ್ಟು ದಿನಾತು ಹಿಂಗಾಗಿ?"

"ಹಲ್ಲು ನೋಯಾಕತ್ತಿ ಎಂಟ ದಿನಾತ್ರಿ. ಬಾವು ಬಂದದ್ದು ನಿನ್ನಿ."

ಹಲ್ಲುನೋವನ್ನು ನಮ್ಮವರು ನೋವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಂದು ಲವಂಗ ಇಟ್ಟುಕೊಂಡರೆ ಆಯಿತು, ಎರಡು ಗುಳಿಗೆ ನುಂಗಿದರೆ ಆಯಿತು. ಅಂಗಡಿ ಬಾಗಿಲು ಮಾತ್ರ ಮುಚ್ಚಬಾರದು. ಕೀವು ಯಾರ ಅಂಗಡಿಗೂ ಕಾಯುವುದಿಲ್ಲ, ಅದು ಹಲ್ಲಿನ ಬೇರಿನಿಂದ ನಾಲಿಗೆಯ ಅಡಿಗೆ ಇಳಿದು ಅಲ್ಲಿಂದ ಕುತ್ತಿಗೆಗೆ ಇಳಿಯುತ್ತದೆ. ಆಮೇಲೆ ನಾಲಿಗೆಯೇ ಮೇಲೆದ್ದು ಗಂಟಲನ್ನು ಮುಚ್ಚುತ್ತದೆ. ಶಿವಪ್ರಕಾಶನಿಗೆ ಆಗುತ್ತಿದ್ದದ್ದು ಅದೇ.

ಬಾಯಿ ತೆರೆಯಿರಿ ಎಂದಳು ಚನ್ನಬಸವ್ವ. ನೆಟ್ಟಗಿರುವ ಬಾಯಿಗೆ ಮೂರು ಬೆರಳು ಒಂದರ ಮೇಲೊಂದು ಹೋಗಬೇಕು. ಇವನ ಬಾಯಿಗೆ ಒಂದೇ ಬೆರಳು ಹೋಯಿತು, ಅದೂ ಬಿಗಿಯಾಗಿ. ಕೆನ್ನೆಯ ಒಳಗೆ ಬೆರಳಾಡಿಸಿದರೆ ಒಣಗಿದ ಚರ್ಮದ ಹಾಗೆ ಗಟ್ಟಿ.

"ಗುಟ್ಕಾ ಎಷ್ಟು ವರ್ಷದಿಂದ?" ಎಂದು ಕೇಳಿದಳು.

ಅವನು ಹೆಂಡತಿಯ ಕಡೆ ನೋಡಿ, ಬಾಗಿದಲ್ಲಿಂದಲೇ ಕೈಯೆತ್ತಿ ಐದು ಬೆರಳು ತೋರಿಸಿದ. ಆಮೇಲೆ ಇನ್ನೂ ಐದು ತೋರಿಸಿದ.

ಬೆರಳಿಗೆ ಸಿಕ್ಕಿಸುವ ಯಂತ್ರ ಆಸ್ಪತ್ರೆಗೆ ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ರಕ್ತದಲ್ಲಿ ಪ್ರಾಣವಾಯು ನೂರಕ್ಕೆ ಎಷ್ಟಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತಿತ್ತು, ನಾಡಿಗೊಂದು ಸಲ ಬೀಪ್ ಎನ್ನುತ್ತಿತ್ತು. ಅಂಕಿ ಇಳಿದಂತೆ ಅದರ ದನಿಯೂ ಇಳಿಯುತ್ತಿತ್ತು, ಹಾಗಾಗಿ ಬೆನ್ನು ತಿರುಗಿಸಿ ನಿಂತವರಿಗೂ ಗೊತ್ತಾಗುತ್ತಿತ್ತು. ಶಿವಪ್ರಕಾಶನ ಅಂಕಿ ತೊಂಬತ್ತೆರಡು. ಮುಖಕ್ಕೆ ಆಮ್ಲಜನಕ ಹಿಡಿದ ಮೇಲೆ ತೊಂಬತ್ತಾರಕ್ಕೆ ಬಂತು. ಚನ್ನಬಸವ್ವ ಆಯಾ ಸಕ್ಕುಬಾಯಿಯನ್ನು ಓಡಿಸಿ ಇಬ್ಬರು ಡಾಕ್ಟರರನ್ನೂ ಕರೆಸಿದಳು. ಅವರು ಬರುವುದರೊಳಗೆ, ಯಾರೂ ಹೇಳದಿದ್ದರೂ, ಗಂಟಲು ಕೊಯ್ದು ಉಸಿರಿಗೆ ದಾರಿ ಮಾಡುವ ಸಲಕರಣೆಯ ತಟ್ಟೆಯನ್ನು ತೆಗೆದು ಬಿಳಿ ಬಟ್ಟೆ ಮುಚ್ಚಿ ಪಕ್ಕದಲ್ಲಿಟ್ಟಳು.

ಮಧ್ವೇಶ ಡಾಕ್ಟರು ಧಾರವಾಡದವರು. ಅರಿವಳಿಕೆ ಕೊಡುವುದು, ಉಸಿರು ಕಟ್ಟಿದವರ ಗಂಟಲಲ್ಲಿ ನಳಿಗೆ ಇಳಿಸುವುದು ಅವರ ಕೆಲಸ. ಆ ಕೆಲಸದಲ್ಲಿ ಅವರದು ಎತ್ತಿದ ಕೈ. ಅವರ ಕೈಯಲ್ಲಿ ಹೋಗದ ನಳಿಗೆ ಇಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುವ ಮಾತನ್ನು ಮನುಷ್ಯ ತಾನೂ ನಂಬಿಬಿಡುತ್ತಾನೆ, ಅವರೂ ನಂಬಿದ್ದರು. ಗಂಡ ತೀರಿಹೋಗಿ, ಬೈಲಹೊಂಗಲದಿಂದ ಪುಣೆಗೆ ಬಂದು, ಕಂಡವರ ಮನೆಯ ಪಾತ್ರೆ ತಿಕ್ಕುತ್ತಿದ್ದ ಚನ್ನಬಸವ್ವನನ್ನು ನರ್ಸಿಂಗ್ ಶಾಲೆಗೆ ಸೇರಿಸಿದವರು ಅವರೇ. ನಳಿಗೆ ಹಿಡಿಯುವುದನ್ನು, ನಾಡಿ ನೋಡುವುದನ್ನು ಕೈಹಿಡಿದು ಕಲಿಸಿದವರೂ ಅವರೇ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅವಳ ಅವ್ವ ಹೇಳುತ್ತಿದ್ದಳು. ಅವಳು ಎಣಿಸಿರಲಿಲ್ಲ.

ಅವರಿಬ್ಬರದೂ ಕೆಲಸದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಆಸ್ಪತ್ರೆಯ ಮಾತೆಲ್ಲ ಮರಾಠಿ. ಆದರೆ ಡಾಕ್ಟರು ಎಲ್ಲಾದರೂ ತಪ್ಪಿದರೆ ಚನ್ನಬಸವ್ವ ಅದನ್ನು ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದಳು. ಒಮ್ಮೆ ನಳಿಗೆ ಉಸಿರಿನ ದಾರಿ ಬಿಟ್ಟು ಅನ್ನದ ದಾರಿಗೆ ಹೋಗಿತ್ತು. "ಸರ್, ಹೊಟ್ಟಿ ಉಬ್ಬಾಕತ್ತೈತಿ" ಎಂದಳು. ಅವರು ಅದನ್ನು ಹೊರಗೆಳೆದು, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ, "ಈ ನಳಿಗೆ ಸಣ್ಣದಾಯಿತು, ಬೇರೆ ಕೊಡಿ" ಎಂದರು. ರೋಗಿ ಉಳಿದ, ಮಾನವೂ ಉಳಿಯಿತು. ಆಸ್ಪತ್ರೆಯ ಉಳಿದವರು ಇವರಿಬ್ಬರೂ ಊರ ಸುದ್ದಿ ಹೇಳಿಕೊಳ್ಳುತ್ತಾರೆಂದೇ ತಿಳಿದಿದ್ದರು. ಬೈಲಹೊಂಗಲದಲ್ಲಿ ಮಳೆ ಆಯಿತೇ ಸಿಸ್ಟರ್ ಎಂದು ಚೇಷ್ಟೆ ಮಾಡುತ್ತಿದ್ದರು. ಚನ್ನಬಸವ್ವ ನಕ್ಕು ಸುಮ್ಮನಾಗುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಮೊದಲು ಬಂದವನು ಸರ್ಜನ್ ಅವಧೂತ. ಪುಣೆಯ ಹತ್ತಿರದ ಭೋರ್‌ನ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಮರಾಠಿ ಬಿಟ್ಟರೆ ಇಂಗ್ಲಿಷು. ಶಿವಪ್ರಕಾಶನನ್ನು ನೋಡಿದವನೇ ಕೈಗೆ ಗ್ಲೌಸು ಏರಿಸಿದ. ಮಧ್ವೇಶ ಡಾಕ್ಟರು ಬರುತ್ತಿದ್ದಂತೆ ಮರಾಠಿಯಲ್ಲಿ ಹೇಳಿದ: "ಸರ್, ಇವರು ಹೀಗೇ ಕೂತಿರಲಿ. ಕುತ್ತಿಗೆಯ ಮುಂದೆ ಮರಗಟ್ಟಿಸಿ, ಎಚ್ಚರ ಇರುವಾಗಲೇ ನಾನು ದಾರಿ ಮಾಡುತ್ತೇನೆ."

"ಒಂದು ಹಲ್ಲಿಗೆ ಗಂಟಲು ಕೊಯ್ದರೆ, ನಾಳೆ ತಲೆನೋವು ಅಂತ ಬಂದವನಿಗೆ ಏನು ಕೊಯ್ಯುತ್ತೀಯಪ್ಪಾ?" ಎಂದರು ಮಧ್ವೇಶ ಡಾಕ್ಟರು. ಕೋಣೆಯಲ್ಲಿ ಯಾರೋ ನಕ್ಕರು. "ಮಲಗಿಸಿ, ಇಂಜೆಕ್ಷನ್ ಕೊಟ್ಟು, ಒಂದು ನಿಮಿಷದಲ್ಲಿ ನಳಿಗೆ ಹಾಕುತ್ತೇನೆ. ನಿನ್ನ ಸಮಾಧಾನಕ್ಕೆ ಬೇಕಾದರೆ ಚಾಕು ಹಿಡಿದು ನಿಂತಿರು. ನಾನು ಹೇಳುವವರೆಗೆ ಮುಟ್ಟಬೇಡ."

ರೋಗಿಯ ತಲೆಯ ಹತ್ತಿರ ನಿಂತವರದೇ ಕೊನೆಯ ಮಾತು, ಅದು ಅಲ್ಲಿನ ನಿಯಮ. ಅವಧೂತ ತಲೆಯಾಡಿಸಿ ಬದಿಗೆ ನಿಂತ. ಇಂದೂಳನ್ನು ಹಸಿರು ಪರದೆಯ ಆಚೆ ಕಳಿಸಿದರು.

ಚನ್ನಬಸವ್ವ ಸಿರಿಂಜು ಕೈಗೆ ಕೊಡುತ್ತ ಕನ್ನಡದಲ್ಲಿ ಹೇಳಿದಳು, "ಸರ್, ಬಾಯಾಗ ಒಂದ ಬೆರಳು ಹೋಕ್ಕೈತ್ರಿ. ಹತ್ತ ವರ್ಷದ ಗುಟ್ಕಾ. ಇದು ನೋವಿನ ಬಿಗಿ ಅಲ್ರಿ. ಅವಧೂತ ಸರ್ ಹೇಳಿದಂಗ ಮೊದಲ ಗಂಟಲಾ ಕೊಯ್ಸೂಣ್ರಿ."

"ಇಂಜೆಕ್ಷನ್ ಕೊಟ್ಟ ಮ್ಯಾಲ ಎಲ್ಲಾ ಸಡ್ಲ ಆಗ್ತದವಾ. ನೀ ಯಾಕ ಅಂಜತಿ?" ಎಂದರು ಅವರು, ಕನ್ನಡದಲ್ಲಿ, ನಗುತ್ತಲೇ.

ನೋವಿಗೆ ಬಿಗಿದ ದವಡೆಯಾಗಿದ್ದರೆ ಸಡಿಲವಾಗುತ್ತಿತ್ತು. ಗುಟ್ಕಾ ತಿಂದು ಹೊಲಿದ ಹಾಗೆ ಆದ ಕೆನ್ನೆ ಯಾವ ಔಷಧಕ್ಕೂ ಸಡಿಲವಾಗುವುದಿಲ್ಲ. ಅವರಿಗೂ ಇದು ಗೊತ್ತಿರಬೇಕಿತ್ತು, ಗೊತ್ತಿತ್ತೂ ಇರಬೇಕು. ಶಿವಪ್ರಕಾಶನನ್ನು ನಾಲ್ಕು ಜನ ಹಿಡಿದು ಮಲಗಿಸಿದರು. ಮಲಗಿದವನ ಕಣ್ಣು ಚನ್ನಬಸವ್ವನ ಮುಖದ ಮೇಲೆಯೇ ಇತ್ತು. ಅವಳು ಅವನ ಕೈ ಅದುಮಿ, "ಅಂಜಬ್ಯಾಡ್ರಿ ಅಣ್ಣಾರ" ಎಂದಳು. ಔಷಧಿ ಏರಿತು. ಅರ್ಧ ನಿಮಿಷದಲ್ಲಿ ಅವನ ಮೈಯ ಒಂದೊಂದು ಸ್ನಾಯುವೂ ಸಡಿಲವಾಯಿತು, ತಾನಾಗಿ ಎಳೆಯುತ್ತಿದ್ದ ಉಸಿರು ನಿಂತಿತು. ಬಾಯಿ ಮಾತ್ರ ಒಂದೇ ಬೆರಳಿನಷ್ಟು ತೆರೆಯಿತು.

ಡಾಕ್ಟರು ಗಂಟಲು ನೋಡುವ ಸಲಕರಣೆಯನ್ನು ಹಲ್ಲಿನ ಸಂದಿಯಲ್ಲಿ ತುರುಕಿದರು. ಒಳಗೆ ಊದಿದ ನಾಲಿಗೆ, ಅದರಾಚೆ ಕತ್ತಲೆ. ನಳಿಗೆ ಹೋಗಲಿಲ್ಲ. ಮುಖಕ್ಕೆ ಮಾಸ್ಕ್ ಒತ್ತಿ ಗಾಳಿಯ ಚೀಲ ಹಿಂಡಿದರು. ಗಾಳಿ ಕೆನ್ನೆಯ ಬದಿಯಿಂದ ಹೊರಗೆ ಹೋಯಿತು, ಎದೆ ಏಳಲಿಲ್ಲ. ತೊಂಬತ್ತೊಂದು. ಎರಡನೇ ಸಲ ತುರುಕಿದಾಗ ನಳಿಗೆಯ ತುದಿಗೆ ರಕ್ತ ಹತ್ತಿ ಬಂತು. ಎಂಬತ್ತನಾಲ್ಕು. ಬೀಪ್ ಎನ್ನುವ ದನಿ ಒಂದೊಂದು ಮೆಟ್ಟಿಲೇ ಇಳಿಯುತ್ತಿತ್ತು. ಕೋಣೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ಅವಧೂತ ಚಾಕು ಹಿಡಿದು ಒಂದು ಹೆಜ್ಜೆ ಮುಂದೆ ಬಂದ. "ಸರ್, ಶುರುಮಾಡಲೇ?"

"ಒಂದು ನಿಮಿಷ" ಎಂದರು ಮಧ್ವೇಶ ಡಾಕ್ಟರು ಮರಾಠಿಯಲ್ಲಿ. ಅವರ ಹಣೆಯ ಬೆವರು ಕನ್ನಡಕಕ್ಕೆ ಇಳಿದಿತ್ತು.

ಚನ್ನಬಸವ್ವ ಅವರ ಕಿವಿಯ ಹತ್ತಿರ ಬಾಗಿದಳು. ಅವಳ ದನಿ ಈಗ ಅಷ್ಟು ಸಣ್ಣದಾಗಿರಲಿಲ್ಲ. "ಸರ್, ಸಾಕ್ರಿ. ಹೋಗೂದಿಲ್ಲದು. ಅವಧೂತ ಸರ್‌ಗೆ ಕೊಯ್ ಅಂತ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

"ತಡಿ ತಡಿ, ಕಾಣಸ್ಲಿಕ್ಕತ್ತದ. ಕಾಣಸ್ಲಿಕ್ಕತ್ತದ."

ಏನೂ ಕಾಣಿಸುತ್ತಿರಲಿಲ್ಲ. ಅವರ ಹೆಗಲಿನ ಮೇಲಿಂದ ಅವಳೂ ನೋಡುತ್ತಿದ್ದಳು. ರಕ್ತದ ನೊರೆ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

ಅವಧೂತ ಅವಳ ಕಡೆ ತಿರುಗಿದ. ಇಬ್ಬರೂ ಆಡಿದ ಮಾತಿನಲ್ಲಿ ತನ್ನ ಹೆಸರೊಂದು ಅವನಿಗೆ ಕೇಳಿಸಿತ್ತು. "ಏನಂತಿದ್ದಾರೆ ಸಿಸ್ಟರ್?" ಎಂದು ಮರಾಠಿಯಲ್ಲಿ ಕೇಳಿದ.

ಒಬ್ಬ ಮನುಷ್ಯನ ಜೀವ ಆ ಪ್ರಶ್ನೆಯ ಮೇಲೆ ನಿಂತಿತ್ತು. ಅವಳಿಗೆ ಅದು ಗೊತ್ತಿತ್ತು ಎಂದೇ ನಾನು ಹೇಳುತ್ತೇನೆ, ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಿ ಅವಳನ್ನು ಉಳಿಸುವುದಿಲ್ಲ. ಆದರೆ ಹದಿನಾಲ್ಕು ವರ್ಷದ ರೂಢಿ ನಾಲಿಗೆಯ ಮೇಲೆ ಕೂತಿತ್ತು. ಎಲ್ಲರ ಎದುರಿಗೆ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ, ನಿಮ್ಮ ಕೈಯಲ್ಲಿ ಆಗುವುದಿಲ್ಲ ಬಿಡಿ ಎಂದು ಆ ಮನುಷ್ಯನಿಗೆ ಅನ್ನುವುದು ಅವಳಿಂದ ಆಗಲಿಲ್ಲ.

"ಕಾಹೀ ನಾಹೀ," ಎಂದಳು. ಏನಿಲ್ಲ. "ಕಾಣಿಸುತ್ತಿದೆಯಂತೆ."

ಅವಧೂತನ ಕೈ ಕೆಳಗಿಳಿಯಿತು. ಕಾಣಿಸುತ್ತಿದೆ ಎಂದ ಮೇಲೆ ಯಾವ ಸರ್ಜನ್ ತಾನೇ ಕೊಯ್ಯುತ್ತಾನೆ?

ಮೂರನೇ ಸಲ, ನಾಲ್ಕನೇ ಸಲ. ಒಂದೊಂದು ಸಲವೂ ಬಾವು ಇನ್ನಷ್ಟು ಏರಿತು, ರಕ್ತ ಇನ್ನಷ್ಟು ಬಂತು. ಅರವತ್ತೆರಡು. ನಲವತ್ತೊಂಬತ್ತು. ಶಿವಪ್ರಕಾಶನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಐದನೇ ನಳಿಗೆಗೆ ಕೈಚಾಚಿದರು. ಚನ್ನಬಸವ್ವ ಕೊಡಲಿಲ್ಲ. "ಸರ್, ಗಂಟಲಾ ಕೊಯ್ಸ್ರಿ. ಮಂದಿ ಜೀವ ಐತ್ರಿ ಇದು, ಕೊಯ್ಸ್ರಿ" ಎಂದಳು ಮೂರನೇ ಸಲ, ಅಳುತ್ತ. ಆಗಲೂ ಕನ್ನಡದಲ್ಲೇ. ಅವರು ಅವಳ ಕೈಯಿಂದ ನಳಿಗೆಯನ್ನು ಕಿತ್ತುಕೊಂಡರು.

ಆಮೇಲೆ ಬೀಪ್‌ಗಳ ನಡುವೆ ಅಂತರ ಬೆಳೆಯಿತು. ಒಂದು, ಬಹಳ ಹೊತ್ತಿಗೆ ಇನ್ನೊಂದು. ಅವಧೂತ ಯಾರನ್ನೂ ಕೇಳದೆ ಬಗ್ಗಿ ಕುತ್ತಿಗೆಯನ್ನು ಕೊಯ್ದ. ಅಡ್ಡಕ್ಕೊಂದು ಗೀರು, ಬೆರಳು ಹಾಕಿ ದಾರಿ ಹುಡುಕಿದ, ನಳಿಗೆ ಒಳಗೆ ಹೋಯಿತು, ಎದೆ ಎದ್ದಿತು. ಚನ್ನಬಸವ್ವನ ಕಣ್ಣು ಗೋಡೆ ಗಡಿಯಾರದ ಮೇಲೆ ತಾನಾಗಿ ಹೋಯಿತು. ಅದಕ್ಕೆ ಹಿಡಿದದ್ದು ನಲವತ್ತು ಸೆಕೆಂಡು. ಅದಕ್ಕೆ ಮುಂಚೆ, ಉಸಿರು ನಿಂತ ಮೇಲೆ, ಏಳು ನಿಮಿಷ ಕಳೆದಿತ್ತು.

ಹೃದಯ ಮತ್ತೆ ಲಯ ಹಿಡಿಯಿತು. ಕಣ್ಣರೆಪ್ಪೆ ಎತ್ತಿ ಬೆಳಕು ಬಿಟ್ಟರೆ ಪಾಪೆಗಳು ಕದಲಲಿಲ್ಲ, ಮಿದುಳು ಹೋಗಿತ್ತು. ಮಧ್ವೇಶ ಡಾಕ್ಟರು ಗ್ಲೌಸು ಬಿಚ್ಚಿ, ಬುಟ್ಟಿಗೆ ಹಾಕಲು ಹೋಗಿ ನೆಲಕ್ಕೆ ಬೀಳಿಸಿ, ಎತ್ತದೆ ಹೊರಗೆ ಹೋದರು.

ಮೂರನೇ ದಿನ ಆಡಳಿತದವರು ಕಾಗದ ಕೇಳಿದರು. ಅವತ್ತು ಏನು ನಡೆಯಿತು, ಯಾರಾದರೂ ಎಚ್ಚರಿಸಿದರೇ, ಬರೆದು ಸಹಿ ಮಾಡಿ. ಮಧ್ವೇಶ ಡಾಕ್ಟರು ಚಹದ ಕೋಣೆಗೆ ಬಂದು ಅವಳ ಎದುರಿಗೆ ಕೂತರು. ಎರಡು ರಾತ್ರಿ ಕಣ್ಣು ಮುಚ್ಚದ ಮುಖ. ಯಾವತ್ತೂ ಇಸ್ತ್ರಿ ತಪ್ಪದ ಅಂಗಿ ಮುದ್ದೆಯಾಗಿತ್ತು.

"ಆ ಗದ್ದಲದಾಗ ನೀ ಅಂದದ್ದು ನನಗ ಕೇಳಿಸಲಿಲ್ಲವಾ" ಎಂದರು. ಬಾಗಿಲ ಕಡೆ ನೋಡಿ, "ಬ್ಯಾರೆ ಯಾರಿಗೂ ತಿಳದಿಲ್ಲ" ಎಂದರು.

ಕೇಳಿಸಿತ್ತು. ಕೇಳಿಸಿದ್ದಕ್ಕೇ ತಡಿ ತಡಿ ಎಂದಿದ್ದರು. ಅವಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ತನಗೆ ಅಕ್ಷರ ಕೊಟ್ಟ ಮನುಷ್ಯ ತನ್ನೆದುರು ಬೇಡುತ್ತ ಕೂತಿದ್ದ. ಅವಳಿಗೆ ಅದು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ನುಂಗಿದಳು. ಯಾರೂ ಆಕ್ಷೇಪ ಎತ್ತಲಿಲ್ಲ, ಎಲ್ಲವೂ ಹಿರಿಯ ಡಾಕ್ಟರರ ನಿರ್ಧಾರದಂತೆ ನಡೆಯಿತು ಎಂದು ಮರಾಠಿಯಲ್ಲಿ ಬರೆದಿದ್ದ ಕಾಗದದ ಕೆಳಗೆ ಸಹಿ ಹಾಕಿದಳು. ಅವಧೂತನೂ ಹಾಕಿದ. ಅವನಿಗೆ ಗೊತ್ತಿದ್ದ ಮಟ್ಟಿಗೆ ಅದು ಸತ್ಯವೇ ಆಗಿತ್ತು.

ಆ ದಿನಗಳಲ್ಲಿ ಅವಳು ಮೇಲಿನ ಮಹಡಿಗೆ ಹೋಗಲಿಲ್ಲ. ಶಿವಪ್ರಕಾಶ ಅಲ್ಲಿ ಯಂತ್ರದ ಉಸಿರಿನ ಮೇಲೆ ಮಲಗಿದ್ದ. ಇಂದೂ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ಅಳುವುದಿಲ್ಲ, ಯಾರೊಂದಿಗೂ ಮಾತಾಡುವುದಿಲ್ಲ ಎಂದು ಸಕ್ಕುಬಾಯಿ ಬಂದು ಹೇಳಿದಳು. ನಿಮ್ಮನ್ನು ಮಾತ್ರ ಕೇಳುತ್ತಾಳೆ, ಆ ಕನ್ನಡ ಸಿಸ್ಟರ್ ಯಾವಾಗ ಇರುತ್ತಾರೆ ಎಂದು ದಿನವೂ ಕೇಳುತ್ತಾಳೆ. ಅದನ್ನು ಕೇಳಿದ ಮೇಲೆ ಚನ್ನಬಸವ್ವ ತುರ್ತು ಕೋಣೆಗೆ ಹೋದಳು. ಪರದೆಯ ಬಟ್ಟೆ ಎಷ್ಟು ತೆಳ್ಳಗಿದೆ ಎಂದು ಮುಟ್ಟಿ ನೋಡಿದಳು.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಶಿವಪ್ರಕಾಶನ ಹೃದಯ ನಿಂತಿತು.

ಅರ್ಧ ಗಂಟೆಯ ಮೇಲೆ ಇಂದೂ ತುರ್ತು ಕೋಣೆಗೆ ಇಳಿದು ಬಂದಳು. ಗಂಡನ ಅಂಗಿ, ಚಪ್ಪಲಿ, ಗಡಿಯಾರ ಇಲ್ಲಿಯೇ ಒಂದು ಚೀಲದಲ್ಲಿದ್ದವು. ಅವಧೂತ ಮೇಜಿನ ಮೇಲೆ ಬಾಗಿ ಸಾವಿನ ಕಾಗದ ತುಂಬುತ್ತಿದ್ದ. ಚನ್ನಬಸವ್ವ ಚೀಲ ತಂದು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ಇಂದೂ ತೆಗೆದುಕೊಳ್ಳಲಿಲ್ಲ.

"ಅಕ್ಕಾರ, ಪರದೆ ಆಚಿಗೆ ನಾ ನಿಂತಿದ್ದೆ," ಎಂದಳು. "ನೀವು ಮೂರು ಸಲ ಹೇಳಿದ್ರಿ. ಮೂರೂ ಸಲ ನನಗ ತಿಳೀತು."

"ತಂಗಿ, ಇಲ್ಲಿ ಬ್ಯಾಡ್ರಿ. ಒಳಗ ಬರ್ರಿ, ಕುಂತು ಮಾತಾಡೂಣು."

"ಕುಂತು ಮಾತಾಡೂದೇನೈತ್ರಿ? ನೀವು ಹೇಳೂದು ಕೇಳಿ ನನಗ ಧೈರ್ಯ ಬಂತು. ಸಿಸ್ಟರ್ ಹೇಳಾಕತ್ತಾರ, ಈಗ ಕೊಯ್ತಾರ, ನನ್ನ ಮನಶ್ಯಾ ಉಳೀತಾನ ಅಂತ ನಿಂತಿದ್ದೆ. ಆಮ್ಯಾಲ ಈ ಡಾಕ್ಟರು ನಿಮ್ಮನ್ನ ಕೇಳಿದ್ರು. ನೀವು ಕಾಹೀ ನಾಹೀ ಅಂದ್ರಿ. ಅದೂ ನನಗ ತಿಳೀತು."

ಚನ್ನಬಸವ್ವ ಬಾಯಿ ತೆರೆದಳು. "ಅವರ ಮರ್‍ಯಾದಿ..." ಎಂದಳು. ಮುಂದಿನ ಮಾತು ಆಡಲು ಅವಳಿಗೇ ನಾಚಿಕೆಯಾಯಿತು.

"ನಮ್ಮಾವ್ರು ಅಂತ ನಂಬಿ ಬಂದಿದ್ನೆಲ್ಲಾ," ಎಂದಳು ಇಂದೂ. ದನಿ ಏರಿಸಲಿಲ್ಲ. "ನೀವು ನೋಡಿದ್ರ ನಮ್ಮಾವ್ರನ್ನ ಉಳಿಸಿದ್ರಿ ಖರೆ. ನನ್ನ ಗಂಡನ್ನ ಅಲ್ಲ."

ಕಾಹೀ ನಾಹೀ ಎಂಬುದು ಕಿವಿಗೆ ಬಿದ್ದು ಅವಧೂತ ತಲೆಯೆತ್ತಿದ್ದ. ಇಂದೂ ಅವನ ಕಡೆ ತಿರುಗಿ, ದಿನವೂ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಆಡುವ ನೆಟ್ಟಗಿನ ಮರಾಠಿಯಲ್ಲಿ ಹೇಳಿದಳು: "ಡಾಕ್ಟರ್, ಅವತ್ತು ಈ ಸಿಸ್ಟರ್ ಗಂಟಲು ಕೊಯ್ಯಿಸಿ ಅಂತ ಮೂರು ಸಲ ಹೇಳಿದರು. ನಮ್ಮ ಭಾಷೆಯಲ್ಲಿ ಹೇಳಿದರು."

ಅವನ ಪೆನ್ನು ನಿಂತಿತು. ಚನ್ನಬಸವ್ವನ ಕಡೆ ತಿರುಗಿದ.

"ಹೌದಾ ಸಿಸ್ಟರ್?"

"ಹೌದು," ಎಂದಳು ಅವಳು, ಮರಾಠಿಯಲ್ಲಿ.

"ನಾನು ನಿಮ್ಮನ್ನು ಕೇಳಿದೆನಲ್ಲ, ಏನಂತಿದ್ದಾರೆ ಅಂತ. ಅದಕ್ಕೆ ಮುಂಚೆಯೋ, ಆಮೇಲೋ?"

"ಮುಂಚೆ ಎರಡು ಸಲ. ಆಮೇಲೆ ಒಂದು ಸಲ."

"ನಾನು ಕೇಳಿದಾಗ ಅಂಕಿ ಎಷ್ಟಿತ್ತು?"

ಅವಳಿಗೆ ಅದು ಮರೆತಿರಲಿಲ್ಲ, ಮುಂದೆಂದೂ ಮರೆಯುವಂತೆಯೂ ಇರಲಿಲ್ಲ. "ಎಂಬತ್ತನಾಲ್ಕು," ಎಂದಳು.

ಅವಧೂತ ಪೆನ್ನಿನ ಮುಚ್ಚಳ ಹಾಕಿದ. "ಎಂಬತ್ತನಾಲ್ಕು," ಎಂದು ತನಗೆ ತಾನೇ ಅಂದುಕೊಂಡ. "ನನ್ನ ಕೈಯಲ್ಲಿ ಚಾಕು ಇತ್ತು ಸಿಸ್ಟರ್. ಆಗ ಕೊಯ್ದಿದ್ದರೆ ಇವರು ಎರಡು ವಾರದಲ್ಲಿ ನಡೆದುಕೊಂಡು ಮನೆಗೆ ಹೋಗುತ್ತಿದ್ದರು."

ಇಂದೂ ಅದನ್ನೂ ಕೇಳಿಸಿಕೊಂಡಳು. ಅವಳಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು.